ಹದಿನಾರು ಎಲೆ, ಒಂದೇ ಕಡುಬು

ಇಲ್ಲಿ ಏನಾದರೂ ಬರೆದು ತಿಂಗಳುಗಳೇ ಆದವು. ಬೈಯಬೇಡಿ ಮಾರಾಯ್ರೆ, ಕಾಫಿ ಕುಯ್ಲು ಶುರುವಾದರೆ ಮೂಡಿಗೆರೆ ಕಡೆಯವರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗುತ್ತದೆ, ಅದನ್ನು ಮುಗಿಸಿ ಉಸಿರು ಬಿಡುವಷ್ಟರಲ್ಲಿ ರೋಬಸ್ಟಾ ಕೆಂಪಾಗಿರುತ್ತದೆ. ಈ ಸಲ ಫೆಬ್ರವರಿ ಮೊದಲ ವಾರಕ್ಕೆ ನಮ್ಮ ಕಣ ಖಾಲಿಯಾಯಿತು. ಕುಯ್ಲು ಮುಗಿದ ಖುಷಿಗೆ ಒಂದು ಊಟ ಹಾಕುವುದು ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಬಂದ ಪದ್ಧತಿ. ಅಪ್ಪ ಹೋದ ಮೇಲೆ ನಿಂತುಹೋಗಿತ್ತು. ಈ ವರ್ಷ ಮತ್ತೆ ಮಾಡೋಣ ಅಂತ ನಾನೇ ಬಾಯಿ ಹಾಕಿದೆ.

"ಮಾಡಿ, ಬೇಡ ಅನ್ನಲ್ಲ. ಆದ್ರೆ ನನ್ನನ್ನ ಮೂರು ದಿನ ಒಲೆ ಮುಂದೆ ಕೂರಿಸ್ಬೇಡಿ. ಬಂದೋರು ಭೇಷ್ ಅನ್ನೋ ಹಾಗಿರ್ಬೇಕು, ಮಾಡೋರಿಗೆ ಹೂವೆತ್ತಿದ ಹಾಗಿರ್ಬೇಕು" ಅಂದಳು ಹೆಂಡತಿ.

ಸರಿ, ಕಾಗದ ಪೆನ್ನು ಹಿಡಿದು ಕೂತೆ. ಒಬ್ಬೊಬ್ಬರಿಗೇ ಫೋನು ಮಾಡಿದೆ. ಎಲ್ಲರೂ ಬರ್ತೀವಿ ಅಂದರು, ಎಲ್ಲರೂ ಜೊತೆಗೊಂದು ಷರತ್ತು ಸೇರಿಸಿದರು. ಕಳಸದ ಕಡೆಯ ಜೈನ ಗೆಳೆಯ ಮತ್ತು ಅವನ ಹೆಂಡತಿಗೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಯಾವುದೂ ಬೇಡ, ಹೊತ್ತು ಮುಳುಗಿದ ಮೇಲೆ ಊಟವೂ ಬೇಡ. ಪಕ್ಕದ ತೋಟದ ಭಟ್ಟರ ಮನೆಯವರು ಇಬ್ಬರಿಗೂ ಮಾಂಸಕ್ಕೆ ತಾಗಿದ ಸೌಟು ಆಗದು. ಚಿಕ್ಕಮಗಳೂರಿನ ಲಿಂಗಾಯತ ಮೇಷ್ಟ್ರದ್ದೂ ಸಸ್ಯಾಹಾರವೇ, ಆದರೆ ಈರುಳ್ಳಿ ಇಲ್ಲದಿದ್ದರೆ ಊಟ ರುಚಿಸದು. ಮೂಡಿಗೆರೆಯ ಬ್ಯಾರಿ ಗೆಳೆಯನಿಗೆ ಕೋಳಿಯಾದರೆ ಹಲಾಲ್ ಆಗಬೇಕು, ಹಂದಿ ಆ ಅಡುಗೆಮನೆಯಲ್ಲೇ ಇರಬಾರದು. ನಮ್ಮ ಭಾವನಿಗೆ ಹಂದಿ ಇಲ್ಲದಿದ್ದರೆ ಅದೊಂದು ಊಟವೇ ಅಲ್ಲ! ಬೆಂಗಳೂರಿನಿಂದ ಬರುವ ತಂಗಿ ಮಗಳು ವೀಗನ್ ಆಗಿದ್ದಾಳಂತೆ, ಹಾಲು ಮೊಸರು ತುಪ್ಪ ಎಲ್ಲ ಬಂದ್. ಅವಳ ಗಂಡನಿಗೆ ಗೋಧಿ ಆಗುವುದಿಲ್ಲ. ಸಕ್ಕರೆ ಕಾಯಿಲೆಯವರು ಎಷ್ಟು ಜನ ಅಂತ ನಾನು ಎಣಿಸಲೇ ಇಲ್ಲ, ಎಣಿಸಿದರೆ ನನ್ನಿಂದಲೇ ಶುರು ಮಾಡಬೇಕಿತ್ತು.

ಕೊನೆಗೆ ಒಬ್ಬರನ್ನು ಮಾತ್ರ ಫೋನಿನಲ್ಲಿ ಕರೆಯುವುದು ಸರಿಯಲ್ಲ ಅನ್ನಿಸಿ ನಡೆದೇ ಹೋದೆ. ನಮ್ಮ ತೋಟದಲ್ಲಿ ನಲವತ್ತು ವರ್ಷಕ್ಕೂ ಮೇಲೆ ಹಣ್ಣು ಕುಯ್ದವರು ಅವರು. ದಲಿತ ಕುಟುಂಬ. ಮೊದಲು ನಮ್ಮ ಲೈನ್ ಮನೆಯಲ್ಲಿದ್ದರು, ಈಗ ಮಗ ಕಟ್ಟಿಸಿದ ಮನೆಯಲ್ಲಿದ್ದಾರೆ. ನಾನು ಚಡ್ಡಿ ಹಾಕುವ ವಯಸ್ಸಿನಲ್ಲೂ ಅವರನ್ನು ಹೆಸರು ಹಿಡಿದು ಏಕವಚನದಲ್ಲೇ ಕರೆಯುತ್ತಿದ್ದೆ, ಯಾರೂ ತಿದ್ದಲಿಲ್ಲ. "ಭಾನುವಾರ ಊಟಕ್ಕೆ ಬರಬೇಕು, ಮಗನ್ನೂ ಕರ್ಕೊಂಡು" ಅಂದೆ. ಅವರು ಏನಡುಗೆ ಅಂತ ಕೇಳಲಿಲ್ಲ. ಇದು ತಿನ್ನಲ್ಲ, ಅದು ತಿನ್ನಲ್ಲ ಅನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಒಂದು ಮಾತು ಕೇಳಿದರು.

"ಬತ್ತೀನಿ ಅಯ್ಯ. ಎಲ್ಲಿ ಕೂರದು?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. "ಬನ್ನಿ, ನೋಡೋಣ" ಅಂತ ಏನೋ ಹೇಳಿ ವಾಪಸ್ ಬಂದೆ. ದಾರಿಯುದ್ದಕ್ಕೂ ಅದೇ ಗುಂಗು. ಹನ್ನೊಂದು ಜನ ಎಲೆಯ ಮೇಲೆ ಏನು ಬೀಳಬೇಕು ಅಂತ ಯೋಚಿಸಿದರು, ಇವರೊಬ್ಬರು ಎಲೆ ಎಲ್ಲಿ ಬೀಳುತ್ತದೆ ಅಂತ ಯೋಚಿಸಿದರು. ಮೆನು ಹಾಕಲು ಕೂತವನು ಇತಿಹಾಸ ಕೆದಕಲು ಶುರು ಮಾಡಿದ್ದು ಹೀಗೆ.

ಮೊದಲು ಪುಸ್ತಕದ ಕಡೆಗೆ ಹೋಗೋಣ. ಮಾಂಸಾಹಾರ ಸಸ್ಯಾಹಾರ ಎರಡನ್ನೂ ಒಂದೇ ಮನೆಯಲ್ಲಿ ಸಂಭಾಳಿಸುವುದು ಇವತ್ತಿನ ತಲೆನೋವು ಅಂತ ನಾವು ಅಂದುಕೊಳ್ಳುತ್ತೇವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ಬರೆಸಿದ 'ಮಾನಸೋಲ್ಲಾಸ' ತೆಗೆದು ನೋಡಿ. ಸಂಸ್ಕೃತದ ದೊಡ್ಡ ಗ್ರಂಥ, ಅದರಲ್ಲಿ ರಾಜನ ಊಟಕ್ಕೇ ಒಂದು ಭಾಗವಿದೆ, 'ಅನ್ನಭೋಗ'. ನಮ್ಮ ಇಡ್ಲಿ ದೋಸೆಗಳ ಅಜ್ಜ ಅಜ್ಜಿಯರು ಅಲ್ಲಿ 'ಇಡ್ಡರಿಕಾ', 'ದೋಸಕ' ಅನ್ನುವ ಹೆಸರಿನಲ್ಲಿ ಇದ್ದಾರೆ. ಅವುಗಳ ಜೊತೆಗೇ ಹಂದಿ, ಮೀನು, ಆಮೆಯ ಅಡುಗೆಗಳೂ ಇವೆ. ಎರಡಕ್ಕೂ ಒಂದೇ ಪುಸ್ತಕ.

ಅಲ್ಲಿಂದ ಸುಮಾರು 400 ವರ್ಷ ಮುಂದೆ ಬಂದರೆ, 16ನೇ ಶತಮಾನದ ಆರಂಭದಲ್ಲಿ, ಕಲ್ಲಹಳ್ಳಿಯ ಮೂರನೇ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದ. ಅವನು ಜೈನ. ಷಟ್ಪದಿಯಲ್ಲಿ ಬರೆದ ಅಡುಗೆ ಪುಸ್ತಕ ಅದು, ಇಡೀ ಪುಸ್ತಕದಲ್ಲಿ ಒಂದು ಮೊಟ್ಟೆಯೂ ಇಲ್ಲ. ಆದರೆ ಬದನೆ, ಹಲಸು, ಬಾಳೆ, ಕಳಲೆಗಳಿಗೆ ಬರವಿಲ್ಲ. ಸಸ್ಯಾಹಾರ ಅಂದರೆ ಬಡ ಊಟ ಅಂತ ಮೂಗು ಮುರಿಯುವ ನಮ್ಮ ಭಾವನಂಥವರಿಗೆ 500 ವರ್ಷದ ಹಿಂದೆಯೇ ಕೊಟ್ಟ ಉತ್ತರ! ಇನ್ನೊಂದು ವಿಷಯ ಗಮನಿಸಿ. ಸೋಮೇಶ್ವರನ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇರಲೇ ಇಲ್ಲ, ಟೊಮೇಟೊ ಆಲೂಗಡ್ಡೆಗಳೂ ಇರಲಿಲ್ಲ. ಅವೆಲ್ಲ ಅಮೆರಿಕ ಖಂಡದವು, ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದ ಮೇಲೆ ಒಂದೊಂದಾಗಿ ನಮ್ಮ ಕಡೆ ಇಳಿದವು. ಅಲ್ಲಿಯವರೆಗೆ 'ಮೆಣಸು' ಅಂದರೆ ನಮ್ಮ ಕಾಡಿನ ಕಾಳುಮೆಣಸೇ. ನಮ್ಮ ಕಡೆಯ ಹಳಬರು ಇವತ್ತಿಗೂ ಅದನ್ನು 'ಒಳ್ಳೆಮೆಣಸು' ಅನ್ನುತ್ತಾರೆ. ಈ ಸಂಗತಿ ನನ್ನ ಮೆನುವಿಗೆ ಉಪಯೋಗಕ್ಕೆ ಬಂತು, ಮುಂದೆ ಹೇಳುತ್ತೇನೆ.

ಇನ್ನು ನಮ್ಮ ಬೆಟ್ಟಗಳಿಗೆ ಬನ್ನಿ. ಕಳಸವನ್ನೇ ತೆಗೆದುಕೊಳ್ಳಿ. ಅಲ್ಲಿ ಕಳಸೇಶ್ವರ, ಅಂದರೆ ಶಿವ. ಆದರೆ ಕಳಸ ಕಾರ್ಕಳ ಸೀಮೆಯನ್ನು ಆಳಿದ ಭೈರರಸರು ಜೈನರು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ಈ ಮನೆತನದವನು. 1586ರಲ್ಲಿ ಚತುರ್ಮುಖ ಬಸದಿ ಕಟ್ಟಿಸಿದ ಇಮ್ಮಡಿ ಭೈರರಸನೂ ಇದೇ ಮನೆತನದವನು. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಅರಸರು, ಶಿವನ ನೈವೇದ್ಯ ನೋಡಿಕೊಳ್ಳುವ ಬ್ರಾಹ್ಮಣರು, ಹೊಳೆ ಮೀನು ಕಾಡುಹಂದಿ ತಿನ್ನುವ ಒಕ್ಕಲು ಮಕ್ಕಳು, ಎಲ್ಲರೂ ಒಂದೇ ಭದ್ರಾ ನದಿಯ ನೀರು ಕುಡಿದವರು. ಈಚೆ ಮೂಡಿಗೆರೆ ತಾಲ್ಲೂಕಿನ ಅಂಗಡಿಗೆ ಬಂದರೆ, ಹೊಯ್ಸಳರ ಮೂಲ ಸ್ಥಾನ ಅನ್ನುವ ಆ ಸೊಸೆವೂರಿನಲ್ಲಿ, ವಾಸಂತಿಕಾ ದೇವಿಯ ಗುಡಿಯೂ ಇದೆ, ಜೈನ ಬಸದಿಗಳೂ ಇವೆ. ಆಚೆ ಚಿಕ್ಕಮಗಳೂರಿನ ಗಿರಿಗೆ 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್ ದೇಶದಿಂದ ಏಳು ಕಾಫಿ ಬೀಜ ತಂದರು ಅಂತ ಐತಿಹ್ಯ. ಒಟ್ಟಿನಲ್ಲಿ ಬೇರೆ ಬೇರೆ ನಾಲಿಗೆಗಳು ಅಕ್ಕಪಕ್ಕ ಬದುಕುವುದು ನಮ್ಮ ಸೀಮೆಗೆ ಹೊಸತಲ್ಲ.

ಅಕ್ಕಪಕ್ಕ ಬದುಕಿದರು ಸರಿ, ಒಟ್ಟಿಗೆ ಉಂಡರೇ? ಅದೇ ಬೇರೆ ಕಥೆ.

ಹಿಂದಿನವರು ಈ ತೊಡಕಿಗೆ ಕಂಡುಕೊಂಡ ಸುಲಭ ದಾರಿಯ ಹೆಸರು 'ಸ್ವಯಂಪಾಕ'. ಮಡಿಯವರು ಮನೆಗೆ ಬಂದರೆ ಅಡುಗೆ ಮಾಡಿ ಬಡಿಸುವುದಲ್ಲ, ಅಕ್ಕಿ ಬೇಳೆ ತರಕಾರಿ ಬೆಲ್ಲ ತುಪ್ಪವನ್ನು ಮೊರದಲ್ಲಿಟ್ಟು ಕೊಡುವುದು. ಅವರೇ ಬೇಯಿಸಿಕೊಂಡು ಉಣ್ಣುತ್ತಾರೆ. ಅದೂ ಆಗದಿದ್ದರೆ ಹಾಲು ಹಣ್ಣು. ಬೇಯದ ವಸ್ತುವಿಗೆ ಮೈಲಿಗೆ ಕಡಿಮೆ ಅನ್ನುವುದು ಲೆಕ್ಕ. ಇನ್ನೊಂದು ದಾರಿ ವಾರದ್ದು. ನಮ್ಮಂಥ ಮಾಂಸ ತಿನ್ನುವ ಮನೆಗಳಲ್ಲೂ ಸೋಮವಾರ ಮಾಡಲ್ಲ, ಶನಿವಾರ ಮಾಡಲ್ಲ, ಶ್ರಾವಣದಲ್ಲಿ ಮಾಡಲ್ಲ ಅನ್ನುವ ಲೆಕ್ಕ ಇದ್ದೇ ಇದೆ. ಕ್ರೈಸ್ತರಿಗೆ ತಪಸ್ಸು ಕಾಲದ ಶುಕ್ರವಾರ, ಮುಸ್ಲಿಮರಿಗೆ ರಂಜಾನಿನ ಉಪವಾಸ. ನಮ್ಮ ಕಡೆ ಎಲ್ಲರನ್ನೂ ಊಟಕ್ಕೆ ಕರೆಯಬೇಕಾದರೆ ಅಡುಗೆ ಪುಸ್ತಕಕ್ಕಿಂತ ಮೊದಲು ಪಂಚಾಂಗ ತೆಗೆಯಬೇಕು. ಯಾರಿಗೂ ಅಡ್ಡ ಬಾರದ ದಿನ ಅಂತ ನಾನು ಭಾನುವಾರ ಹಿಡಿದದ್ದು ಇದೇ ಲೆಕ್ಕದಲ್ಲಿ. ರಂಜಾನ್ ಇನ್ನೂ ಶುರುವಾಗಿರಲಿಲ್ಲ.

ಇದರ ನಡುವೆ ಯಾರ ಜಗಳಕ್ಕೂ ಸೇರದೆ ಉಳಿದ ಒಂದು ತಿನಿಸು ನಮ್ಮ ಕಡುಬು. ಕುವೆಂಪು ಅವರ ಕಾದಂಬರಿ ಓದಿದವರಿಗೆ ಮಲೆನಾಡಿನ ಕಡುಬಿನ ಪರಿಚಯ ಇದ್ದೇ ಇರುತ್ತದೆ. ಅಕ್ಕಿ ತರಿ, ನೀರು, ಉಪ್ಪು, ಇಷ್ಟೇ. ಹುದುಗು ಬರಿಸುವುದಿಲ್ಲ, ಉದ್ದು ಬೇಡ, ಹಾಲು ಬೇಡ, ಎಣ್ಣೆಯೂ ಬೇಡ. ಭಟ್ಟರ ಮನೆಯಲ್ಲಿ ಕಾಯಿ ಚಟ್ನಿ ಬೆಣ್ಣೆ ಜೊತೆಗೆ ತಿನ್ನುತ್ತಾರೆ, ನಮ್ಮಲ್ಲಿ ಕೋಳಿ ಸಾರಿಗೆ ಅದ್ದಿ ತಿನ್ನುತ್ತೇವೆ, ಮಳೆಗಾಲದಲ್ಲಿ ಏಡಿ ಸಾರಿಗೆ, ಭಾವನ ಮನೆಯಲ್ಲಿ ಹಂದಿ ತುಂಡಿಗೆ. ಒತ್ತು ಶಾವಿಗೆಯೂ ಅದೇ ಜಾತಿಯದು, ಕಾಯಿಹಾಲಿಗೂ ಸೈ ಕೋಳಿ ಸಾರಿಗೂ ಸೈ. ಘಟ್ಟದ ಕೆಳಗಿನಿಂದ ಹತ್ತಿ ಬಂದ ನೀರುದೋಸೆಯೂ ಹಾಗೆಯೇ, ಕೊಟ್ಟಿಗೆಹಾರದಲ್ಲಿ ಬಸ್ಸಿಳಿದವರಿಗೆಲ್ಲ ಗೊತ್ತು. ನಡುವೆ ಅಕ್ಕಿ, ಎರಡು ಪಕ್ಕಕ್ಕೆ ಎರಡು ಸಾರು. ಮಿಶ್ರ ಊಟದ ಸೂತ್ರ ನಮ್ಮ ಅಜ್ಜಿಯರ ಕೈಯಲ್ಲೇ ಇತ್ತು, ನಾನು ಹೊಸದಾಗಿ ಕಂಡುಹಿಡಿಯುವುದು ಏನೂ ಇರಲಿಲ್ಲ.

ಇಷ್ಟು ತಿಳಿದ ಮೇಲೆ ನನಗೆ ಧೈರ್ಯ ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ಆ ಪ್ರಶ್ನೆ ಅಲ್ಲೇ ಕೂತಿತ್ತು. ಎಲ್ಲಿ ಕೂರದು?

19ನೇ ಶತಮಾನದಲ್ಲಿ ಇಂಗ್ಲಿಷರು ಈ ಕಾಡಿಗೆ ತೋಟ ಮಾಡಲು ಬಂದರು. ಆಗ ಇದು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆ, 1947ರ ತನಕ ಅದೇ ಹೆಸರು. ಬಂಗಲೆ ಎದ್ದವು, ಬಂಗಲೆಯ ಹಿಂದೆ ಬಟ್ಲರನ ಅಡುಗೆಮನೆ ಎದ್ದಿತು. ಸೂಪು, ಕಟ್ಲೆಟ್ಟು, ಪುಡಿಂಗು ಅನ್ನುವ ಮಾತುಗಳು ಆ ಹಿಂಬಾಗಿಲಿನಿಂದ ನಮ್ಮ ಊರುಗಳಿಗೆ ಬಂದವು. ಸೀಮೆಬದನೆಕಾಯಿ ಹೆಸರಿನಲ್ಲಿರುವ ಆ 'ಸೀಮೆ' ಇದೆಯಲ್ಲ, ಪರದೇಶದ್ದಕ್ಕೆ ನಮ್ಮವರು ಅಂಟಿಸಿದ ಚೀಟಿ ಅದು. ನಮ್ಮ ಪಕ್ಕದ ಮಂಜರಾಬಾದಿನಲ್ಲಿ ತೋಟ ಮಾಡಿದ್ದ ರಾಬರ್ಟ್ ಎಲಿಯಟ್ ಅನ್ನುವ ಪ್ಲಾಂಟರ್ ಈ ಸೀಮೆಯ ಬದುಕಿನ ಬಗ್ಗೆ 1871ರಲ್ಲಿ ಒಂದು, 1894ರಲ್ಲಿ ಇನ್ನೊಂದು ಪುಸ್ತಕ ಬರೆದ. ಕಾಫಿ, ಶಿಕಾರಿ, ಚಿನ್ನದ ಗಣಿ ಎಲ್ಲ ಇವೆ ಅವುಗಳಲ್ಲಿ. ಜಾತಿಯ ಬಗ್ಗೆಯೂ ಬರೆದಿದ್ದಾನೆ, ಅದೂ ಜಾತಿ ಪದ್ಧತಿಯ ಪರವಾಗಿ! ಹೊರಗಿನಿಂದ ಬಂದ ಸಾಹೇಬನಾದರೂ ಸಾಲು ಒಡೆಯುತ್ತಾನೆ ಅಂದುಕೊಂಡರೆ, ಅವನಿಗೂ ಆ ಏರ್ಪಾಡು ಅನುಕೂಲವಾಗಿಯೇ ಕಂಡಿತು. ಅವನ ಮೇಜು ಹೇಗೂ ಬೇರೆಯೇ ಇತ್ತಲ್ಲ.

ಆ ತೋಟಗಳಲ್ಲಿ ದುಡಿಯಲು ಚಾರ್ಮಾಡಿ ಘಾಟಿ ಹತ್ತಿ ಕೆಳಗಿನ ತುಳುವರು ಬಂದರು, ತಮಿಳರು ಬಂದರು, ಊರಿನ ಕೇರಿಗಳವರಂತೂ ಇದ್ದೇ ಇದ್ದರು. ಮುಂದೆ ಬಯಲುಸೀಮೆಯವರು ಬಂದರು, ಈಗ ಅಸ್ಸಾಮಿನವರೂ ಇದ್ದಾರೆ. 1942ರಲ್ಲಿ ಕಾಫಿ ಬೋರ್ಡು ಬಂತು, ಸ್ವಾತಂತ್ರ್ಯ ಬಂತು, ಬಿಳಿಯರ ತೋಟಗಳು ಒಂದೊಂದಾಗಿ ನಮ್ಮವರ ಕೈಗೆ ಬಂದವು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. 1951ರ ತೋಟ ಕಾರ್ಮಿಕರ ಕಾಯ್ದೆ 150ಕ್ಕೂ ಹೆಚ್ಚು ಆಳುಗಳಿರುವ ತೋಟದಲ್ಲಿ ಕ್ಯಾಂಟೀನು ಇರಬೇಕು ಅಂತ ಹೇಳಿತು. ನಮ್ಮಂಥ ಸಣ್ಣ ತೋಟಕ್ಕೆ ಆ ಕ್ಯಾಂಟೀನಿನ ಮಾತು ತಲುಪಲಿಲ್ಲ. 1955ರಲ್ಲಿ ಅಸ್ಪೃಶ್ಯತೆ ಆಚರಿಸಿದರೆ ಶಿಕ್ಷೆ ಅನ್ನುವ ಕಾನೂನೂ ಬಂತು. ಹೋಟೆಲು, ಬಾವಿ, ಗುಡಿ, ಅಂಗಡಿಯ ಬಾಗಿಲನ್ನು ಅದು ತಟ್ಟಿತು. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಗದ್ದೆ ಸಿಕ್ಕಿತು, ಕಾಫಿ ತೋಟಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಗದ್ದೆಯ ಮೇಲಿನ ಹಿಡಿತ ಸಡಿಲವಾದರೂ ತೋಟದ ಯಜಮಾನ ಯಜಮಾನನಾಗಿಯೇ ಉಳಿದ. ಮನೆಯೊಳಗಿನ ಎಲೆ ಸಾಲಿಗಂತೂ ಯಾವ ಕಾನೂನೂ ಬರುವುದಿಲ್ಲ. ಅದಕ್ಕೆ ಮನೆಯವರೇ ಏಳಬೇಕು.

ನಮ್ಮ ಮನೆಯವರು ಎದ್ದಿರಲಿಲ್ಲ. ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಬರೆದುಬಿಡುತ್ತೇನೆ. ಅಜ್ಜನ ಕಾಲದ ಕುಯ್ಲು ಊಟದಲ್ಲಿ ಮೂರು ಸಾಲು. ಜಗಲಿಯಲ್ಲಿ ಸಸ್ಯಾಹಾರದ ದೊಡ್ಡ ಮನುಷ್ಯರು, ಅವರಿಗೆ ಅಡುಗೆ ಭಟ್ಟರನ್ನು ಕರೆಸಿ ಬೇರೆ ಒಲೆ, ಬೇರೆ ಪಾತ್ರೆ. ನಡುಮನೆಯಲ್ಲಿ ನೆಂಟರು, ಅವರಿಗೆ ಕಡುಬು, ಕೋಳಿ, ಹಂದಿ. ಕಣದ ಅಂಚಿನಲ್ಲಿ ಆಳುಗಳು. ನಡುಮನೆಯ ಕಡುಬು, ಅದೇ ಸಾರು ಕಣಕ್ಕೂ ಹೋಗುತ್ತಿತ್ತು, ಎತ್ತರದಿಂದ ಎಲೆಗೆ ಬೀಳುತ್ತಿತ್ತು. ಅಂದರೆ ನಡುಮನೆಗೂ ಕಣಕ್ಕೂ ಇದ್ದ ಅಂತರ ಆಹಾರದ್ದಲ್ಲ. ಇಬ್ಬರೂ ತಿಂದದ್ದು ಒಂದೇ ಹಂಡೆಯದು. ಆದರೂ ಯಾರಾದರೂ ಕೇಳಿದರೆ ನಾವು "ಅವರವರ ಪದ್ಧತಿ ಬೇರೆ ಬೇರೆ" ಅನ್ನುತ್ತಿದ್ದೆವು. ಜಗಲಿಯ ಪಥ್ಯದ ಮಾತನ್ನು ಕಣದ ಮೇಲೂ ಹೊದಿಸಿಬಿಡುತ್ತಿದ್ದೆವು.

ಇನ್ನೊಂದು ನೆನಪು ಲೋಟದ್ದು. ಹಿತ್ತಿಲ ಗೋಡೆಗೆ ನಾಲ್ಕೈದು ಮೊಳೆ, ಮೊಳೆಗೆ ಒಂದೊಂದು ಅಲ್ಯೂಮಿನಿಯಂ ಲೋಟ. ಆಳುಗಳು ಬಂದು ಲೋಟ ತೆಗೆದು ಕೆಳಗಿಟ್ಟು ಹಿಂದೆ ಸರಿಯಬೇಕು, ಅಜ್ಜಿ ಮೇಲಿನಿಂದ ಬೆಲ್ಲದ ಕಾಫಿ ಹೊಯ್ಯಬೇಕು, ಕುಡಿದು ತೊಳೆದು ಮತ್ತೆ ಮೊಳೆಗೆ ಹಾಕಬೇಕು. ಅಜ್ಜಿ ಕೆಟ್ಟವಳಲ್ಲ. ಯಾರಿಗಾದರೂ ಜ್ವರ ಬಂದರೆ ಗಂಜಿ ಕಳಿಸುತ್ತಿದ್ದಳು. ಆದರೆ ಆ ಕಾಫಿಯ ಹಣ್ಣನ್ನು ಗಿಡದಿಂದ ಬಿಡಿಸಿ, ಕಣದಲ್ಲಿ ಹರವಿ, ಮೂಟೆ ಹೊತ್ತ ಅದೇ ಕೈಗೆ ನಮ್ಮ ಸ್ಟೀಲ್ ಲೋಟ ಸಿಗಲಿಲ್ಲ. ನಾನು ಹೈಸ್ಕೂಲಿಗೆ ಹೋಗುವಾಗಲೂ ಆ ಲೋಟಗಳು ಇದ್ದವು. ಯಾವತ್ತು ಹೋದವು ಅಂತ ಯಾರಿಗೂ ನೆನಪಿಲ್ಲ. ಮೊಳೆಗಳು ಈಗಲೂ ಇವೆ, ಹೋಗಿ ನೋಡಿ ಬಂದೆ. "ಎಲ್ಲಿ ಕೂರದು" ಅಂತ ಕೇಳಿದವರ ಲೋಟವೂ ಅಲ್ಲೇ ಇತ್ತು.

ಹಾಗಂತ ಈ ಬೆಟ್ಟಗಳಲ್ಲಿ ಬೇರೆ ದಾರಿ ಯಾರೂ ತೋರಿಸಲಿಲ್ಲ ಅಂತಲ್ಲ. 1966ರಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಗೆ ಕುವೆಂಪು 'ಮಂತ್ರ ಮಾಂಗಲ್ಯ' ರೂಪಿಸಿದರು. ಪುರೋಹಿತರಿಲ್ಲ, ಜಾತಿಯಿಲ್ಲ, ಆಡಂಬರವಿಲ್ಲ. ಮದುವೆ ಮನೆಯೇ ಬದಲಾದರೆ ಮದುವೆ ಊಟದ ಸಾಲೂ ಬದಲಾಗಲೇಬೇಕಲ್ಲ. ತೇಜಸ್ವಿ 2007ರಲ್ಲಿ ತೀರಿಕೊಳ್ಳುವ ತನಕ ನಮ್ಮ ಮೂಡಿಗೆರೆಯಲ್ಲೇ ಇದ್ದರು. ಅತ್ತ ಕಳಸದ ಹತ್ತಿರದ ಹೊರನಾಡಿನಲ್ಲಿ 1973ರಲ್ಲಿ ಅನ್ನಪೂರ್ಣೇಶ್ವರಿಯ ಪುನಃಪ್ರತಿಷ್ಠೆ ಆಯಿತು. ಬಂದವರಿಗೆಲ್ಲ ಊಟ ಅನ್ನುವುದೇ ಆ ಕ್ಷೇತ್ರದ ಹೆಸರಾಯಿತು. 2000ದ ಆಚೀಚೆ ಪ್ರಪಂಚದಾದ್ಯಂತ ಕಾಫಿ ಬೆಲೆ ನೆಲಕಚ್ಚಿದಾಗ ನಮ್ಮವರು ಎಷ್ಟೋ ಮಂದಿ ಮನೆ ಬಾಗಿಲನ್ನೇ ಅತಿಥಿಗಳಿಗೆ ತೆರೆದು ಹೋಂಸ್ಟೇ ಮಾಡಿದರು. ಆಗ ನೋಡಿ ತಮಾಷೆ. ಯಾರೆಂದು ಗೊತ್ತ-ಗುರಿ ಇಲ್ಲದವರು, ದುಡ್ಡು ಕೊಟ್ಟವರು, ಸೀದಾ ನಡುಮನೆಗೆ ಬಂದು ಕೂತರು. ಯಾವ ಜಾತಿ ಅಂತ ಯಾರೂ ಕೇಳಲಿಲ್ಲ, ಕೇಳಿದ್ದು "ವೆಜ್ಜಾ, ನಾನ್‌ವೆಜ್ಜಾ?" ಅಂತ ಮಾತ್ರ. ಪೇಟೆಯಿಂದ ಬಂದ ಅಪರಿಚಿತನಿಗೆ ತೆರೆದ ಬಾಗಿಲು ನಲವತ್ತು ವರ್ಷ ಹಣ್ಣು ಕುಯ್ದವರಿಗೆ ಮುಚ್ಚಿಯೇ ಇತ್ತು. ಈ ಮಾತು ನಮ್ಮ ಮನೆಯ ಮಟ್ಟಿಗೆ ಹೇಳುತ್ತಿದ್ದೇನೆ.

ಇತಿಹಾಸ ಸಾಕು, ಅಡುಗೆಗೆ ಬರುತ್ತೇನೆ. ನಮ್ಮ ಮೆನು ಹೀಗಿತ್ತು.

ನಡುವೆ ಕಡುಬು. ಹದಿನಾರು ಜನಕ್ಕೆ ಎರಡು ಕೆಜಿ ಅಕ್ಕಿ ತರಿ. ಒಂದು ಪಾವಿಗೆ ಎರಡು ಪಾವು ನೀರು ಕುದಿಸಿ, ಉಪ್ಪು ಹಾಕಿ, ತರಿ ಸುರಿದು ಕೆದಕಿ, ಬಿಸಿ ಇರುವಾಗಲೇ ಕೈಗೆ ನೀರು ಮುಟ್ಟಿಸಿಕೊಂಡು ನಾದಿ ಉಂಡೆ ಕಟ್ಟುವುದು. ಇಷ್ಟನ್ನು ಮಧ್ಯಾಹ್ನವೇ ಮುಗಿಸಿ ಒದ್ದೆ ಬಟ್ಟೆ ಮುಚ್ಚಿಟ್ಟೆವು. ಊಟಕ್ಕೆ ಮುಂಚೆ ಇಪ್ಪತ್ತೈದು ನಿಮಿಷ ಹಬೆ. ನೋಡಿದವರಿಗೆ ಬುಟ್ಟಿ ತುಂಬ ಹೊಗೆಯಾಡುವ ಬಿಳಿ ಕಡುಬು, ಮಾಡಿದವರಿಗೆ ಕಷ್ಟವೇ ಇಲ್ಲ.

ಒಂದು ಪಕ್ಕಕ್ಕೆ ಹೆಸರುಕಾಳು ಸಿಹಿಗುಂಬಳದ ಗಸಿ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು. ಕೊತ್ತಂಬರಿ, ಜೀರಿಗೆ, ಒಳ್ಳೆಮೆಣಸು ಹುರಿದು ಕಾಯಿ ಜೊತೆ ರುಬ್ಬಿದ್ದು. ಇಲ್ಲೊಂದು ಗುಟ್ಟು ಹೇಳಿಬಿಡುತ್ತೇನೆ. ಎಲ್ಲರಿಗೂ ಆಗುವುದನ್ನೇ ಮೂಲವಾಗಿ ಇಟ್ಟುಕೊಳ್ಳಿ, ಬೇಕಾದವರಿಗೆ ಆಮೇಲೆ ಸೇರಿಸಿ. ಹಾಕಿದ ಈರುಳ್ಳಿಯನ್ನು ತೆಗೆಯಲಾಗದು, ಹಾಕದ್ದನ್ನು ಯಾವಾಗ ಬೇಕಾದರೂ ಹಾಕಬಹುದು. ಮೇಷ್ಟ್ರಿಗಾಗಿ ಹುರಿದ ಈರುಳ್ಳಿ ಒಂದು ಬಟ್ಟಲಲ್ಲಿ ಬೇರೆ ಇಟ್ಟೆವು. ಎಳೆ ಹಲಸಿನಕಾಯಿ ಆಗಷ್ಟೇ ಬರಲು ಶುರುವಾಗಿತ್ತು, ಅದರ ಪಲ್ಯ. ಕಾಯಿ ಚಟ್ನಿ. ಹೋದ ವರ್ಷದ ಮಿಡಿ ಉಪ್ಪಿನಕಾಯಿ. ಇನ್ನೊಂದು ಪಕ್ಕಕ್ಕೆ ಕಾಳುಮೆಣಸಿನ ಕೋಳಿ ಸಾರು. ಕೋಳಿಯನ್ನು ಬ್ಯಾರಿ ಗೆಳೆಯ ಹೇಳಿದ ಅಂಗಡಿಯಿಂದಲೇ ತಂದೆ, ಮೂರು ಕೆಜಿ. ಅದನ್ನು ಹೊರಗಿನ ಸೌದೆ ಒಲೆಯಲ್ಲಿ ಬೇರೆ ಪಾತ್ರೆಯಲ್ಲಿ ಮಾಡಿದೆವು. ಸೌಟು ಬೇರೆ, ಬಡಿಸುವವರೂ ಬೇರೆ. ಕೋಳಿಗೆ ನಾನು, ಉಳಿದದ್ದಕ್ಕೆ ಮಗಳು. ಹಂದಿ ಇಲ್ಲ ಅಂತ ಭಾವನಿಗೆ ಮೊದಲೇ ಹೇಳಿದೆ, ಎರಡು ದಿನ ಮುಖ ಊದಿಸಿಕೊಂಡಿದ್ದ. ಸಿಹಿಗೆ ಬಾಳೆಹಣ್ಣಿನ ರಸಾಯನ, ಕಾಯಿಹಾಲು ಬೆಲ್ಲ ಏಲಕ್ಕಿ. ವೀಗನ್ ಹುಡುಗಿಗೆ ಬೇರೆ ಏನೂ ಮಾಡಬೇಕಾಗಲಿಲ್ಲ, ಗೋಧಿ ಆಗದ ಹುಡುಗನಿಗೂ ಬೇರೆ ಮಾಡಬೇಕಾಗಲಿಲ್ಲ. ಎಲೆ ಮೇಲಿದ್ದದ್ದೆಲ್ಲ ಅವರಿಗೆ ಆಗುವಂಥದ್ದೇ, ಅವಳು ಕೋಳಿ ಬಿಟ್ಟರೆ ಸಾಕಿತ್ತು.

ಹೊತ್ತು ಮುಳುಗುವ ಸಮಸ್ಯೆ? ಮೊದಲು ಜೈನ ದಂಪತಿಗೆ ಐದೂವರೆಗೆ ಬೇರೆ ಬಡಿಸಿಬಿಡೋಣ ಅಂದುಕೊಂಡೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ. ಮತ್ತೆ ಬೇರೆ ಸಾಲು! ಇಡೀ ಊಟವನ್ನೇ ಸಂಜೆ ಐದಕ್ಕೆ ಇಟ್ಟೆವು. ಮಧ್ಯಾಹ್ನ ಗಂಜಿ ಕುಡಿದು ಬನ್ನಿ ಅಂತ ಎಲ್ಲರಿಗೂ ಹೇಳಿದೆ.

ಇನ್ನು ಕೂರುವ ಜಾಗ. ನಾನು ಬುದ್ಧಿವಂತನ ಹಾಗೆ ಒಂದು ಉಪಾಯ ಹೇಳಿದೆ. ಕಣ ಖಾಲಿ ಇದೆ, ಸಂಜೆ ಗಾಳಿ ಚೆನ್ನಾಗಿರುತ್ತೆ, ಎಲ್ಲರೂ ಕಣದಲ್ಲೇ ಚಾಪೆ ಹಾಕಿ ಕೂರೋಣ, ಆಗ ಭೇದವೇ ಇರಲ್ಲ. ಹೆಂಡತಿ ತರಿ ಕೆದಕುತ್ತಲೇ ಅಂದಳು, "ಕಣದಲ್ಲಿ ಅವ್ರು ನಲವತ್ತು ವರ್ಷ ಕೂತಾಗಿದೆ ಕಣ್ರೀ. ಒಳಗೆ ಕರೆಯೋ ಕಷ್ಟ ತಪ್ಪಿಸ್ಕೊಳ್ಳಕ್ಕೆ ನೀವು ಎಲ್ಲರನ್ನೂ ಹೊರಗೆ ಕಳಿಸ್ತಿದೀರಿ."

ನನಗೆ ಮಾತು ಹೊರಡಲಿಲ್ಲ. ನಿಜ ಹೇಳಬೇಕೆಂದರೆ, ನನಗೆ ಅಳುಕಿದ್ದದ್ದು ಅಮ್ಮನ ಬಗ್ಗೆ. ಅಮ್ಮನಿಗೆ ಎಪ್ಪತ್ತೆಂಟು. ಅಜ್ಜಿ ಮಾಡಿಟ್ಟ ಕಟ್ಟಳೆಯಲ್ಲೇ ಬದುಕಿದವಳು. ಭಟ್ಟರ ಮನೆಯವರ ಬಗ್ಗೆಯೂ ಒಳಗೊಳಗೇ ಅಳುಕು. ಆದರೂ ಭಟ್ಟರಿಗೆ ಫೋನು ಮಾಡಿ ನೇರವಾಗಿಯೇ ಹೇಳಿದೆ, ನಡುಮನೆಯಲ್ಲಿ ಒಂದೇ ಸಾಲು, ಇಂಥಿಂಥವರು ಇರುತ್ತಾರೆ, ಕೋಳಿ ಬೇರೆ ಪಾತ್ರೆ ಬೇರೆ ಸೌಟು. ಆಚೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಸೌಟು ಬೇರೆ ಇದ್ರೆ ಸಾಕು ಮಾರಾಯ, ಉಳಿದದ್ದು ನಮ್ಮನೇಲೂ ಯಾವತ್ತೋ ಶುರುವಾಗ್ಬೇಕಿತ್ತು" ಅಂದರು.

ಭಾನುವಾರ ಸಂಜೆ ಐದಕ್ಕೆ ನಡುಮನೆಯಲ್ಲಿ ಹದಿನಾರು ಎಲೆ ಬಿದ್ದವು, ಬಡಿಸುವ ಇಬ್ಬರ ಎಲೆಯೂ ಸೇರಿ. ಅವರು ಮಗನ ಜೊತೆ ಬಂದರು, ಹೊಸ ಸೀರೆ. ಹಿಂಬಾಗಿಲಿನಿಂದಲೇ ಬಂದರು, ಮುಂಬಾಗಿಲಿಗೆ ಬನ್ನಿ ಅಂತ ಹೇಳುವುದನ್ನು ನಾನು ಮರೆತಿದ್ದೆ. ಹೊಸ್ತಿಲಲ್ಲಿ ನಿಂತರು. ನಾನು ಏನು ಹೇಳಲಿ ಅಂತ ಮಾತು ಹುಡುಕುತ್ತಿದ್ದಾಗ ಅಮ್ಮ ತನ್ನ ಎಲೆಯ ಮುಂದೆ ಕೂತಲ್ಲಿಂದಲೇ ಅಂದಳು, "ಬಾ, ಕೂತ್ಕೋ. ಕಡುಬು ಆರುತ್ತೆ."

ಅಷ್ಟೇ. ಅಮ್ಮ ಪಕ್ಕದ ಎಲೆಯ ಕಡೆ ಕೈ ತೋರಿಸಲಿಲ್ಲ, ಅವರೂ ಅಲ್ಲಿಗೆ ಬರಲಿಲ್ಲ. ಸಾಲಿನ ಕೊನೆಗೆ, ಹಿಂಬಾಗಿಲಿಗೆ ಹತ್ತಿರದ ಎಲೆಗೆ ಹೋಗಿ ಕೂತರು. ಮಗ ಮೇಷ್ಟ್ರ ಪಕ್ಕ ಕೂತ. ಅವನಿಗೆ ಪ್ರೈಮರಿ ಕಲಿಸಿದವರು ಅವರೇ ಅಂತ ಆಗ ಗೊತ್ತಾಯ್ತು, ಇಬ್ಬರೂ ಊಟ ಮುಗಿಯುವ ತನಕ ಮಾತು ನಿಲ್ಲಿಸಲಿಲ್ಲ. ಭಾವ ಹಂದಿಯ ದುಃಖ ಮರೆತು ಹಲಸಿನ ಪಲ್ಯ ಮೂರು ಸಲ ಹಾಕಿಸಿಕೊಂಡ. ಜೈನ ಗೆಳೆಯ ಕಿಟಕಿಯಾಚೆ ಬೆಳಕು ನೋಡಿಕೊಂಡು ಆರಾಮಾಗಿ ಉಂಡ. ನಾನು ಕೋಳಿ ಸಾರು ಹಿಡಿದು ಸಾಲಿನ ಕೊನೆಗೆ ಹೋದಾಗ "ಸಾಕು ಅಯ್ಯ" ಅಂದರು. ಇನ್ನೊಂದು ಸೌಟು ಹಾಕಿದೆ, ಬಗ್ಗಿ.

ಊಟ ಮುಗಿದ ಮೇಲೆ ಅವರು ತಮ್ಮ ಎಲೆಯನ್ನು ತಾವೇ ಮಡಿಸಿ ಎತ್ತಿಕೊಂಡು ಎದ್ದುಬಿಟ್ಟರು. ನಲವತ್ತು ವರ್ಷದ ರೂಢಿ. ಉಳಿದವರ ಎಲೆಗಳು ಅಲ್ಲೇ ಇದ್ದವು, ಮನೆಯವರು ಎತ್ತಬೇಕಲ್ಲ. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಹಿತ್ತಿಲಿಗೆ ಹೋಗಿಯಾಗಿತ್ತು. ಆಮೇಲೆ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಬೆಲ್ಲದ ಕಾಫಿ ಕೊಟ್ಟೆವು. ಅವರು ಆ ಲೋಟವನ್ನೂ ತೊಳೆದೇ ಇಟ್ಟು ಹೋದರು.

ಅಡುಗೆ ಚೆನ್ನಾಗಿತ್ತು ಅಂತ ಎಲ್ಲರೂ ಅಂದರು. ಚೆನ್ನಾಗಿಯೇ ಇತ್ತು. ಯಾರು ಏನು ತಿನ್ನುತ್ತಾರೆ ಅನ್ನುವ ಪ್ರಶ್ನೆಗೆ ಈ ಬೆಟ್ಟಗಳಲ್ಲಿ ಯಾವತ್ತೋ ಉತ್ತರ ಸಿಕ್ಕಿದೆ, ಅದು ಕಡುಬಿನಷ್ಟೇ ಸುಲಭ. ಇನ್ನೊಂದು ಪ್ರಶ್ನೆಗೆ ಒಂದು ಸಂಜೆಯ ಊಟ ಸಾಲದು ಅಂತ ಎಲೆ ಎತ್ತುವಾಗ ಗೊತ್ತಾಯಿತು. ಮುಂದಿನ ವರ್ಷದ ಕುಯ್ಲು ಊಟಕ್ಕೆ ಈಗಲೇ ಚೀಟಿ ಬರೆದಿಟ್ಟಿದ್ದೇನೆ. ಮೆನು ಅದೇ. ಕೆಳಗೆ ಎರಡು ಸಾಲು ಹೆಚ್ಚಿಗೆ ಬರೆದಿದ್ದೇನೆ: ಎಲ್ಲರಿಗೂ ಮುಂಬಾಗಿಲು. ಅವರವರ ಎಲೆ ಅವರವರೇ ಎತ್ತುವುದು, ಅಮ್ಮನೂ, ನಾನೂ, ಭಟ್ಟರೂ. ಹಿತ್ತಿಲ ಮೊಳೆಗಳನ್ನು ಮಾತ್ರ ಅದಕ್ಕಿಂತ ಮೊದಲೇ ಕೀಳಬೇಕು.

ನಿಮ್ಮ ಮನೆಗಳ ಸಾಲುಗಳು ಹೇಗಿದ್ದವು? ಎತ್ತಿದವರು ಯಾರು, ಬಡಿಸಿದವರು ಯಾರು? ನೆನಪಿದ್ದರೆ ನೀವೂ ಬರೆಯಿರಿ. ಕಡುಬಿನ ತರಿಗೆ ಯಾವ ಅಕ್ಕಿ ಒಳ್ಳೆಯದು ಅನ್ನುವ ಜಗಳವನ್ನು ಆಮೇಲೆ ಆಡೋಣ.